ಲೈಸೆನ್ಸಿನ ಮೇಲೆ ಇನ್ನೊಂದು ಸಾಲು

ಪಣಂಬೂರು, ಬೈಕಂಪಾಡಿ ದಾಟಿ ಸುರತ್ಕಲ್ ಕಡೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಗ್ಯಾಸ್ ಸಾಗಿಸುವ ಬುಲೆಟ್ ಟ್ಯಾಂಕರುಗಳು ಲೋಡಿಗಾಗಿ ಕಾಯುತ್ತ ನಿಂತಿರುತ್ತವೆ. ಟಿಎನ್ 28, ಟಿಎನ್ 88 ಎಂಬ ನಂಬರುಗಳು ಎದ್ದು ಕಾಣುತ್ತವೆ. ನಾಮಕ್ಕಲ್ ಕಡೆಯ ಗಾಡಿಗಳು. ಒಬ್ಬ ಕಬ್ಬಿಣದ ರಾಡಿನಿಂದ ಟೈರುಗಳನ್ನು ಬಡಿಯುತ್ತ ಗಾಳಿ ನೋಡುತ್ತಾನೆ, ಇನ್ನೊಬ್ಬ ಒದ್ದೆ ಲುಂಗಿಯನ್ನು ಕನ್ನಡಿಯ ಕಂಬಿಗೆ ಹರವುತ್ತಾನೆ. ಗಾಡಿಯ ಎರಡು ಪಕ್ಕಕ್ಕೂ ಬೆನ್ನಿಗೂ ಒಂದೊಂದು ಫಲಕ. ಮೂಲೆ ಮೇಲಾಗಿ ನಿಂತ ಕೆಂಪು ಚೌಕ, ಅದರೊಳಗೆ ಜ್ವಾಲೆಯ ಚಿತ್ರ, 1075 ಎಂಬ ಅಂಕಿ, ತುರ್ತು ಕರೆಯ ನಂಬರು. ಅಡುಗೆ ಅನಿಲಕ್ಕೆ ವಿಶ್ವಸಂಸ್ಥೆಯ ಪಟ್ಟಿಯಲ್ಲಿರುವ ಸಂಖ್ಯೆ ಅದು, ಪೆಟ್ರೋಲಿಗಾದರೆ 1203.

ಹೆವಿ ಲೈಸೆನ್ಸ್ ಒಂದೇ ಇದ್ದರೆ ಈ ಗಾಡಿ ಓಡಿಸುವಂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 9ನೇ ನಿಯಮದಂತೆ ಮೂರು ದಿನ ತರಬೇತಿಗೆ ಕೂತು, ಪಾಸಾದ ಸರ್ಟಿಫಿಕೇಟನ್ನು ಆರ್‌ಟಿಒಗೆ ಕೊಟ್ಟು, ಅಪಾಯಕಾರಿ ಸರಕು ಸಾಗಿಸಬಹುದೆಂದು ಲೈಸೆನ್ಸಿನ ಮೇಲೆ ಬರೆಸಿಕೊಳ್ಳಬೇಕು. ಚಾಲಕರ ಬಾಯಲ್ಲಿ ಅದು ‘ಹಜಾರ್ಡಸ್’. ಮೊದಲು ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು. 2019ರ ತಿದ್ದುಪಡಿ ಅವಧಿಯನ್ನು ಮೂರು ವರ್ಷ ಮಾಡಿತು. ಅದೇ ವರ್ಷ, ಲಾರಿ ಬಸ್ಸುಗಳ ಚಾಲಕರು ಎಂಟನೇ ತರಗತಿ ಓದಿರಬೇಕೆಂಬ ಷರತ್ತೂ ಹೋಯಿತು. ಆದರೆ ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆಯನ್ನೂ ಇಂಗ್ಲಿಷನ್ನೂ ಓದಿ ಬರೆಯಬಲ್ಲವನಿಗೇ ಈ ಗಾಡಿ ಎಂಬ ಮಾತನ್ನು 9ನೇ ನಿಯಮ ಬಿಟ್ಟುಕೊಟ್ಟಿಲ್ಲ. ಬಿಡಲೂ ಬಾರದು. ಸೋರಿದರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದೆಲ್ಲ ಇರುವುದು ಕ್ಯಾಬಿನ್ನಿನ ಟ್ರೆಮ್ ಕಾರ್ಡಿನಲ್ಲಿ. ಓದಲಾಗದವನ ಕೈಯಲ್ಲಿ ಅದು ಬರೀ ಕಾಗದ.

ತರಬೇತಿಯ ಕೋಣೆ ಸಣ್ಣದು, ಸೆಕೆ ಜೋರು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತವರಲ್ಲಿ ತಲೆ ನರೆತವರೂ ಇದ್ದಾರೆ, ಈಗಷ್ಟೇ ಹೆವಿ ಲೈಸೆನ್ಸ್ ಸಿಕ್ಕ ಹುಡುಗರೂ ಇದ್ದಾರೆ. ಕಲಿಸುವವರು ನೀರಿನ ಬಾಟಲಿಯೊಂದನ್ನು ಅರ್ಧ ಖಾಲಿ ಮಾಡಿ, ಮೇಜಿನ ಮೇಲೆ ಅಡ್ಡ ಮಲಗಿಸಿ, ತಳ್ಳಿ, ಗಕ್ಕನೆ ಹಿಡಿದು ನಿಲ್ಲಿಸುತ್ತಾರೆ. ಬಾಟಲಿ ನಿಂತರೂ ಒಳಗಿನ ನೀರು ಮುಂದಕ್ಕೆ ನುಗ್ಗಿ ಮುಚ್ಚಳಕ್ಕೆ ಬಡಿದು ಹಿಂದಕ್ಕೆ ಬರುತ್ತದೆ. ಗ್ಯಾಸಿನ ಟ್ಯಾಂಕನ್ನು, ಬಿಸಿಲಿಗೆ ಹಿಗ್ಗಲು ಜಾಗ ಬಿಟ್ಟೇ ತುಂಬುವುದು. ಹಾಗಾಗಿ ಒಳಗಿನ ದ್ರವ ಯಾವಾಗಲೂ ಓಲಾಡುತ್ತಲೇ ಇರುತ್ತದೆ.

“ಗುಂಡ್ಯ ದಾಟಿ ಘಾಟಿ ಹತ್ತುವಾಗ ತಿರುವಿನಲ್ಲಿ ಹಿಂದಿನಿಂದ ಯಾರೋ ದೂಡಿದ ಹಾಗೆ ಆಗ್ತದೆ ಸರ್,” ಎಂದರು ನರೆತ ತಲೆಯ ಒಬ್ಬರು.

“ಅದು ಇದೇ ಅಣ್ಣಾ. ಸ್ಟೇರಿಂಗ್ ತಿರುಗಿಸಿದ ಮೇಲೆ ಬ್ರೇಕ್ ಒತ್ತಿದರೆ ತಡವಾಯಿತು. ತಿರುವು ಬರುವ ಮೊದಲೇ ವೇಗ ಇಳಿಸಿಕೊಳ್ಳಬೇಕು.”

ಆಮೇಲೆ ಎರಡು ಊರುಗಳ ಹೆಸರು ಬಂತು. 2012ರ ಆಗಸ್ಟ್ 27ರ ರಾತ್ರಿ ಮಂಗಳೂರಿನಿಂದ ಹೊರಟ ಟ್ಯಾಂಕರೊಂದು ಕಣ್ಣೂರಿನ ಚಾಲದಲ್ಲಿ ಡಿವೈಡರಿಗೆ ಬಡಿದು ಮಗುಚಿತು. ಬೆಂಕಿಗೆ 20 ಜನ ಬಲಿಯಾದರು. ಮರು ವರ್ಷ ಏಪ್ರಿಲ್ 9ರಂದು ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಇನ್ನೊಂದು. ಚಾಲದಲ್ಲಿ ಸುಟ್ಟುಹೋದವರಲ್ಲಿ ಹೆಚ್ಚಿನವರು ರಸ್ತೆಯ ಪಕ್ಕದ ಮನೆಯವರು. ಈ ಮೂರು ದಿನವನ್ನು ಯಾರಾದರೂ ದುಡ್ಡು ಕೊಟ್ಟು ತಪ್ಪಿಸಿಕೊಂಡರೆ, ಮೋಸ ಹೋಗುವವರು ಅಂಥವರೇ. ಮೂರು ದಿನ ಸ್ಟೇರಿಂಗ್ ಬಿಟ್ಟು ಕೂರುವ ಚಾಲಕನ ಸಂಬಳವನ್ನು ಗಾಡಿಯ ಮಾಲೀಕರು ಹಿಡಿಯಬಾರದು ಎಂದೂ ನಾನು ಹೇಳುತ್ತೇನೆ. ಅವನು ಆಗಲೂ ಅವರ ಕೆಲಸದಲ್ಲೇ ಇದ್ದಾನೆ.

ಕೊನೆಯ ದಿನ ಪ್ರಶ್ನೆಗಳು. “ನಡುರಾತ್ರಿ, ಕಲ್ಲಡ್ಕದ ಹತ್ತಿರ ಗಾಡಿ ಮಗುಚಿದೆ, ಗ್ಯಾಸ್ ಸೋರ್ತಾ ಇದೆ. ಮೊದಲು ಏನು ಮಾಡ್ತೀಯಪ್ಪಾ?”

“ಓನರಿಗೆ ಫೋನ್ ಮಾಡ್ತೇನೆ ಸರ್,” ಎಂದ ಕಿಟಕಿಯ ಪಕ್ಕದ ಹುಡುಗ.

ಅಲ್ಲಿ ನಿಂತು ಫೋನ್ ಮುಟ್ಟಲೇಬಾರದು, ಒಂದು ಕಿಡಿ ಸಾಕು ಎಂದು ಅವರು ಬಿಡಿಸಿ ಹೇಳಿದರು. ಇಂಜಿನ್ ಆಫ್, ಬ್ಯಾಟರಿಯ ಮಾಸ್ಟರ್ ಸ್ವಿಚ್ ಆಫ್. ದೂರ ಹೋಗಿಯೇ ಕರೆ. ಈ ಅನಿಲ ಗಾಳಿಗಿಂತ ಭಾರ, ಮೇಲಕ್ಕೆ ಹೋಗದೆ ನೆಲ ಹಿಡಿದು ಹರಿಯುತ್ತದೆ. ಚರಂಡಿಗೆ, ತೋಟಕ್ಕೆ, ರಸ್ತೆಗಿಂತ ತಗ್ಗಿನಲ್ಲಿರುವ ಅಂಗಳಕ್ಕೆ ಇಳಿಯುತ್ತದೆ. ಅಲ್ಲಿ ಯಾರದೋ ಒಲೆ ಉರಿಯುತ್ತಿರಬಹುದು. ಗಾಳಿ ಬೀಸಿ ಬರುವ ದಿಕ್ಕಿಗೆ, ಎತ್ತರಕ್ಕೆ ಜನರನ್ನು ಕಳಿಸಬೇಕು.

“ಗಾಳಿ ಯಾವ ಕಡೆಯಿಂದ ಅಂತ ಕತ್ತಲೆಯಲ್ಲಿ ಹೇಗೆ ಗೊತ್ತಾಗ್ತದೆ ಸರ್?” ಹುಡುಗ ಬಿಡಲಿಲ್ಲ.

ಎಲ್ಲರನ್ನೂ ಅಂಗಳಕ್ಕೆ ಇಳಿಸಿದರು. ಕಣ್ಣು ಮುಚ್ಚಿ ನಿಂತು ಮುಖದ ಯಾವ ಬದಿಗೆ ತಂಪು ತಾಗುತ್ತದೆ ಎಂದು ಒಬ್ಬೊಬ್ಬರಾಗಿ ಕೈ ತೋರಿಸಬೇಕು, ಆಮೇಲೆ ಒಂದು ಹಿಡಿ ಧೂಳು ತೂರಿ ಸರಿಯೋ ತಪ್ಪೋ ನೋಡಬೇಕು. ನರೆತ ತಲೆಯವರ ಬೆರಳು ಒಮ್ಮೆಗೇ ಸಮುದ್ರದ ಕಡೆಗೆ ಹೋಯಿತು. ಹುಡುಗನಿಗೆ ಎರಡು ಸಲ ತಪ್ಪಿತು. ಮೂರನೆಯ ಸಲಕ್ಕೆ ಅವನಾಗಿಯೇ ಬಗ್ಗಿ ಧೂಳು ಬಾಚಿಕೊಂಡ.