ನೈಂಟಿ, ಕಟಿಂಗ್, ಗೋಷ್ಠಿ: ಹೊಸೂರು–ಅತ್ತಿಬೆಲೆ ಗಡಿಯಲ್ಲಿ ಅಗ್ಗದ ಸಂಜೆಯ ಲೆಕ್ಕ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಬಹುಮಟ್ಟಿಗೆ ಹಾಗೇ ಉಳಿಸಿಕೊಂಡಿದ್ದೇನೆ.)

ನನ್ನ ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂದ್ಕೊಂಡು ಶುರು ಮಾಡ್ತೀನಿ. ಈ ವಿಷಯ ಬರೆದುಕೊಟ್ಟಾಗ ನಮ್ಮ ಮೇಷ್ಟ್ರೊಬ್ಬರು, "ಕನ್ನಡ ಎಂ.ಎ.ಗೂ ಬಾರಿಗೂ ಏನಮ್ಮ ಸಂಬಂಧ?" ಅಂತ ಕೇಳಿದ್ರು. ಆಗ ನಾನು ಏನೂ ಹೇಳಲಿಲ್ಲ. ಈಗ ಪಂಪನಿಂದಲೇ ಆರಂಭಿಸ್ತೀನಿ, ಅವರೂ ಲಿಂಕಿನಲ್ಲಿದ್ದಾರೆ ಅಂತ ಕಾಣುತ್ತೆ.

ಕ್ರಿ.ಶ. 941ರ 'ವಿಕ್ರಮಾರ್ಜುನ ವಿಜಯ'ದ ಚತುರ್ಥಾಶ್ವಾಸದಲ್ಲಿ ಅರ್ಜುನನಿಗೆ ಸುಭದ್ರೆಯ ಚಿಂತೆಯಲ್ಲಿ ನಿದ್ದೆ ಬರುವುದಿಲ್ಲ. ರಾತ್ರಿ ಎದ್ದು ಸೂಳೆಗೇರಿಯಲ್ಲಿ ಅಡ್ಡಾಡ್ತಾನೆ. ಅಲ್ಲಿ ಅವನ ಕಣ್ಣಿಗೆ ಬೀಳೋದು ಪಾನಗೋಷ್ಠಿ. ಮಹಾಕಾವ್ಯಕ್ಕೆ ಇರಬೇಕಾದ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಒಂದು, ಆದ್ದರಿಂದ ಇದು ಕವಿಸಮಯದ ಭಾಗ ಅಂತ ಪಾಠದಲ್ಲಿ ಹೇಳಿ ಮುಂದೆ ಹೋಗ್ತೇವೆ. ನನ್ನನ್ನು ಅಲ್ಲೇ ಹಿಡಿದು ನಿಲ್ಲಿಸಿದ್ದು 'ಗೋಷ್ಠಿ' ಅನ್ನೋ ಪದ. ಪಾನ ಅಂದರೆ ಕುಡಿಯೋದು, ಸರಿ. ಗೋಷ್ಠಿ ಅಂದರೆ ಕೂತು ಮಾತಾಡೋದು. ಇವತ್ತು ನಾವು ಪರದೆಯ ಮುಂದೆ ಸೇರಿರೋದಕ್ಕೂ ಅದೇ ಹೆಸರು. ಇನ್ನೊಂದು ಮಾತು: ಪಂಪನ ಆ ಗೋಷ್ಠಿಯಲ್ಲಿ ಕುಡಿಯುವವರಲ್ಲಿ ಹೆಂಗಸರೂ ಇದ್ದಾರೆ.

ನಾನು ಹೇಳಬೇಕಾಗಿರೋದು ಇಷ್ಟು. ನಮ್ಮ ಹೊಸೂರು ಭಾಗದಲ್ಲಿ 'ಎಲ್ಲಿ ಅಗ್ಗ' ಅನ್ನೋ ಪ್ರಶ್ನೆಗೆ ಜನ ಬಾಟಲಿಯ ಬೆಲೆಯಲ್ಲಿ ಉತ್ತರ ಹೇಳ್ತಾರೆ. ಆದರೆ ಅವರ ಕಾಲು ಹೋಗೋದು ಕೂತ್ಕೊಳ್ಳೋಕೆ ಜಾಗ ಇರೋ ಕಡೆಗೆ. ಪಾನಕ್ಕಿಂತ ಗೋಷ್ಠಿ ದುಬಾರಿ. ಆ ಗೋಷ್ಠಿಯ ಬೆಲೆಯನ್ನು ಯಾರು, ಹೇಗೆ ಕಟ್ತಾರೆ ಅನ್ನೋದೇ ನನ್ನ ವಿಷಯ.

ಊರು ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಹೊಸೂರು ಕೃಷ್ಣಗಿರಿ ಜಿಲ್ಲೆಯ ದೊಡ್ಡ ಊರು, ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಕೇಳಿಸ್ತವೆ. ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂದ ಮೇಲೆ ಶಿಫ್ಟಿನ ಊರಾಯ್ತು. ಬೆಂಗಳೂರು ದಿಕ್ಕಿಗೆ ಹೈವೇಯಲ್ಲಿ ಹೋದರೆ ಮೊದಲು ಜೂಜುವಾಡಿ, ಅದು ದಾಟಿದರೆ ಅತ್ತಿಬೆಲೆ, ಅಂದರೆ ಕರ್ನಾಟಕ. ಹತ್ತು ಕಿಲೋಮೀಟರಿನ ಆಸುಪಾಸು. ಟಿ.ವಿ.ಎಸ್. ಗಾಡಿಯಲ್ಲಿ ಅರ್ಧ ಗಂಟೆ ಬೇಡ.

ನಮ್ಮಪ್ಪ ಸಿಪ್ಕಾಟಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡ್ತಿದ್ದರು. ವಾರಕ್ಕೆ ಒಂದೋ ಎರಡೋ ಸಲ ಕುಡೀತಿದ್ದರು. ಅವರು ಮನೆಗೆ ಬಂದಾಗ ಅಮ್ಮ ಬಾಯಿ ಮೂಸಿ ನೋಡ್ತಿರಲಿಲ್ಲ, ಮಾತು ಕೇಳ್ತಿದ್ದರು. ಅತ್ತಿಬೆಲೆಗೆ ಹೋಗಿದ್ದರೆ ಅಪ್ಪ ತಡವಾಗಿ ಬರೋರು, ಕನ್ನಡದಲ್ಲಿ ಬಡಬಡ ಮಾತಾಡ್ತಾ ಬರೋರು. ಯಾರದೋ ಜಮೀನಿನ ಕಥೆ, ಯಾವುದೋ ರಾಜ್‌ಕುಮಾರ್ ಸಿನಿಮಾ. ಹೊಸೂರಲ್ಲೇ ಕುಡಿದಿದ್ದರೆ ಬೇಗ ಬರೋರು, ಒಂದು ಮಾತೂ ಆಡದೆ ಊಟ ಮಾಡಿ ಮಲಗೋರು. "ಇವತ್ತು ಈ ಕಡೆ" ಅನ್ನೋರು ಅಮ್ಮ. ಆ ವ್ಯತ್ಯಾಸಕ್ಕೆ ಕಾರಣ ಅಪ್ಪನ ಮೂಡ್ ಅಂತ ಎಷ್ಟೋ ವರ್ಷ ಅಂದ್ಕೊಂಡಿದ್ದೆ. ಅದು ಎರಡು ರಾಜ್ಯಗಳ ಲೈಸೆನ್ಸಿನ ವ್ಯತ್ಯಾಸ ಅಂತ ತಿಳಿದದ್ದು ಈ ಪ್ರಬಂಧಕ್ಕೆ ಓದಲು ಕೂತಾಗ.

ತಮಿಳುನಾಡಿನಲ್ಲಿ ಟಾಸ್ಮಾಕ್ ಅನ್ನೋ ಸರ್ಕಾರಿ ನಿಗಮ 1983ರಲ್ಲಿ ಹುಟ್ಟಿತು, ಸಗಟು ವ್ಯಾಪಾರಕ್ಕೆ. 2003ರ ನವೆಂಬರಿನಿಂದ ಚಿಲ್ಲರೆ ಮಾರಾಟವೂ ಅದರದೇ. ಕ್ಲಬ್ಬು, ಸ್ಟಾರ್ ಹೋಟೆಲುಗಳ ಬಾರ್ ಬಿಟ್ಟರೆ ಸಾಮಾನ್ಯರಿಗೆ ಇರೋದು ಟಾಸ್ಮಾಕ್ ಅಂಗಡಿ. 2016ರಿಂದ ಮಧ್ಯಾಹ್ನ 12ಕ್ಕೆ ತೆಗೆದು ರಾತ್ರಿ 10ಕ್ಕೆ ಮುಚ್ತಾರೆ. ಕೆಲವು ಅಂಗಡಿಗಳ ಪಕ್ಕ ಒಂದು 'ಬಾರ್' ಇರುತ್ತೆ. ಆದರೆ ಆ ಬಾರಿನವನಿಗೆ ಮದ್ಯ ಮಾರುವ ಹಕ್ಕಿಲ್ಲ. ಟೆಂಡರಿನಲ್ಲಿ ಅವನು ಹಿಡಿಯೋದು ತಿಂಡಿ ಮಾರುವ ಹಕ್ಕು, ಖಾಲಿ ಬಾಟಲಿ ಆಯ್ದುಕೊಳ್ಳುವ ಹಕ್ಕು. ಇದನ್ನು ಸ್ವಲ್ಪ ಯೋಚನೆ ಮಾಡಿ. ನೀವು ಎಷ್ಟು ಬೇಗ ಬಾಟಲಿ ಖಾಲಿ ಮಾಡಿ ಏಳ್ತೀರೋ ಅಷ್ಟು ಅವನಿಗೆ ಲಾಭ. ಇಲ್ಲಿ ಮಾತು ಅಂದರೆ ಅವನಿಗೆ ನಷ್ಟ.

ಕರ್ನಾಟಕದಲ್ಲಿ ಲೈಸೆನ್ಸು ಬೇರೆ ಬೇರೆ. ಸಿ.ಎಲ್.-2 ಅಂದರೆ ಬಾಟಲಿ ಕೊಂಡು ಹೋಗುವ ವೈನ್ ಸ್ಟೋರ್. ಸಿ.ಎಲ್.-9 ಅಂದರೆ ಬಾರ್ ಅಂಡ್ ರೆಸ್ಟೋರೆಂಟ್; ಮದ್ಯವನ್ನೂ ಅವನೇ ಮಾರ್ತಾನೆ, ಚಿಕನ್ ಕಬಾಬನ್ನೂ ಅವನೇ ಮಾರ್ತಾನೆ, ಫ್ಯಾನು ಹಾಕಿ ಕೂರಿಸ್ತಾನೆ. ರಾತ್ರಿ 11:30ರ ತನಕ ತೆಗೆದಿರುತ್ತೆ. ನೀವು ಕೂತಷ್ಟೂ ಇನ್ನೊಂದು ಪ್ಲೇಟು, ಇನ್ನೊಂದು ಪೆಗ್ಗು. ಇಲ್ಲಿ ಮಾತು ಅಂದರೆ ಲಾಭ. ಅಪ್ಪನ ರಾಜ್‌ಕುಮಾರ್ ಸಿನಿಮಾ ಕಥೆಗಳೆಲ್ಲ ಸಿ.ಎಲ್.-9ರ ಕೊಡುಗೆ ಅಂತ ಈಗ ಮನೆಯಲ್ಲಿ ತಮಾಷೆ ಮಾಡ್ತೀನಿ.

ಬಾಟಲಿಯ ಬೆಲೆ ಮಾತ್ರ ಯಾವಾಗಲೂ ಒಂದೇ ಕಡೆ ಕಡಿಮೆ ಇರುವುದಿಲ್ಲ. ಬ್ರ್ಯಾಂಡಿಗೊಂದು ಲೆಕ್ಕ, ಬಜೆಟ್ಟಿಗೊಂದು ಲೆಕ್ಕ. 2023ರ ಜುಲೈ ಬಜೆಟ್ಟಿನಲ್ಲಿ ಕರ್ನಾಟಕ ದೇಶೀ ತಯಾರಿಕೆಯ ಮದ್ಯದ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ. 20ರಷ್ಟು ಏರಿಸಿತು, ಬಿಯರಿನದನ್ನು ಶೇ. 175ರಿಂದ 185ಕ್ಕೆ ಒಯ್ದಿತು. ಆಮೇಲೂ ಸಂಜೆ ಹೊತ್ತು ಕೃಷ್ಣಗಿರಿ ನಂಬರಿನ ಗಾಡಿಗಳು ಅತ್ತಿಬೆಲೆ ಕಡೆ ಹೋಗೋದು ನಿಂತಿಲ್ಲ, ನಾನೇ ನೋಡಿದ್ದೀನಿ. ಬರೀ ಬೆಲೆಗಾಗಿ ಆಗಿದ್ದರೆ ನಿಲ್ಲಬೇಕಿತ್ತಲ್ಲ?

ಗಡಿಯಿಂದ ಅಗ್ಗವಾದ ಊರು ಜಗತ್ತಿನಲ್ಲಿ ಬೇರೆಯೂ ಇವೆ. ಇಟಲಿಯ ಆಲ್ಪ್ಸ್ ಪರ್ವತದಲ್ಲಿ, ಸ್ವಿಟ್ಜರ್ಲೆಂಡಿನ ಗಡಿಗೆ ಅಂಟಿಕೊಂಡು, ಲಿವಿನ್ಯೊ ಅಂತ ಸ್ಕೀಯಿಂಗ್ ಊರಿದೆ, 1,800 ಮೀಟರ್ ಎತ್ತರದಲ್ಲಿ. ಹಿಂದೆ ಚಳಿಗಾಲದಲ್ಲಿ ಹಿಮ ಬಿದ್ದು ಕಣಿವೆಯೇ ಹೊರಜಗತ್ತಿನಿಂದ ಕಡಿದುಹೋಗ್ತಿತ್ತು. ಅಂಥ ಜಾಗದಲ್ಲಿ ಜನ ನಿಲ್ಲಲಿ ಅಂತ ಕೊಟ್ಟ ತೆರಿಗೆ ವಿನಾಯಿತಿ ಇವತ್ತಿಗೂ ಮುಂದುವರಿದಿದೆ. ಹಾಗಾಗಿ ದುಬಾರಿ ಆಲ್ಪ್ಸಿನಲ್ಲೂ ಅಲ್ಲಿ ಮದ್ಯ ಅಗ್ಗ. ಸ್ಕೀ ಮಾಡಿ ಬಂದವರು ಬೂಟು ಬಿಚ್ಚೋ ಮೊದಲೇ ಬಾರಿನಲ್ಲಿ ಕೂತು ಹರಟೆ ಹೊಡೀತಾರೆ, ಅದಕ್ಕೊಂದು ಹೆಸರೂ ಇದೆ, ಆಪ್ರೆ-ಸ್ಕೀ. ಅಲ್ಲಿ ಅಗ್ಗದ ಜೊತೆ ಕುರ್ಚಿಯೂ ಸಿಗುತ್ತೆ, ಮಲಗಲು ಕೋಣೆಯೂ ಅಲ್ಲೇ ಇರುತ್ತೆ. ನಮ್ಮ ಗಡಿಯಲ್ಲಿ ಕುಡಿದವನು ವಾಪಸ್ ಗಾಡಿ ಓಡಿಸಬೇಕು. ಈ ಮಾತಿಗೆ ಮತ್ತೆ ಬರ್ತೀನಿ.

ನಮ್ಮ ಗಡಿಯ ಕಥೆ ಲೈಸೆನ್ಸಿಗಿಂತ ಹಳೆಯದು. ರಾಜಾಜಿ ಹುಟ್ಟಿದ್ದು ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ. ಮದರಾಸು ಪ್ರಾಂತ್ಯದ ಪ್ರಧಾನಿಯಾದ ಅವರು 1937ರ ಅಕ್ಟೋಬರ್ 1ರಂದು ಪಾನನಿಷೇಧ ಶುರು ಮಾಡಿದ್ದು ಸೇಲಂ ಜಿಲ್ಲೆಯಲ್ಲಿ, ಹೊಸೂರು ಆಗ ಆ ಜಿಲ್ಲೆಯ ತಾಲ್ಲೂಕು. ಹೆಂಡದ ಆದಾಯ ಹೋಗಿ ಖಾಲಿಯಾದ ಬೊಕ್ಕಸಕ್ಕಾಗಿ 1939ರಲ್ಲಿ ಮಾರಾಟ ತೆರಿಗೆ ತಂದರು. ಆದರೆ ಗಡಿ ದಾಟಿದರೆ ಮೈಸೂರು ಸಂಸ್ಥಾನ, ಅಲ್ಲಿ ಆ ಕಾಯ್ದೆ ಇಲ್ಲ. ನಮ್ಮ ಅಜ್ಜಿಯ ಅಪ್ಪ "ದನ ನೋಡ್ಕೊಂಡ್ ಬತ್ತೀನಿ" ಅಂತ ಆನೇಕಲ್ ಕಡೆ ಹೋಗ್ತಿದ್ದರಂತೆ. ಎಷ್ಟು ವರ್ಷ ಹೋದರೂ ಒಂದು ದನವೂ ಮನೆಗೆ ಬರಲಿಲ್ಲ ಅಂತ ಅಜ್ಜಿ ನಗೋರು.

ಅದೇ 1930ರ ದಶಕದಲ್ಲಿ ಗಡಿಯ ಆ ಕಡೆ, ಮೈಸೂರು ಸಂಸ್ಥಾನದಲ್ಲಿ, ಜಿ.ಪಿ. ರಾಜರತ್ನಂ ಹೆಂಡಕುಡುಕ ರತ್ನನನ್ನು ಹುಟ್ಟಿಸಿದರು. ಸ್ವತಃ ಕುಡಿಯದ ಕವಿ. ಈ ಕಡೆ ಬಾಗಿಲು ಮುಚ್ಚಿದ ದಶಕದಲ್ಲೇ ಆ ಕಡೆ ಕನ್ನಡಕ್ಕೆ ಒಬ್ಬ ಕುಡುಕ ಸಿಕ್ಕಿದ್ದು ಕಾಕತಾಳೀಯ ಇರಬಹುದು, ಅದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟಲ್ಲ. ನನಗೆ ಮುಖ್ಯ ಅನ್ನಿಸೋದು ಬೇರೆ. ಹನ್ನೆರಡನೇ ಶತಮಾನದಲ್ಲಿ ಹೆಂಡದ ಮಾರಯ್ಯ ಅನ್ನೋ ಶರಣ ಹೆಂಡ ಮಾರೋ ಕಾಯಕದವನಾಗಿ ವಚನ ಬರೀತಾನೆ. ಪಂಪನಲ್ಲಿ ಕುಡಿಯೋರು ಶ್ರೀಮಂತ ಕೇರಿಯವರು. ಅಗ್ಗದ ಹೆಂಡ ಕುಡಿಯೋ ಬಡವನೇ ಬಾಯಿ ಬಿಟ್ಟು ತನ್ನ ಮಾತಲ್ಲಿ ಮಾತಾಡಿದ್ದು ರತ್ನನಲ್ಲಿ. ಅವನ ಪದಗಳನ್ನು ಓದ್ತಾ ಹೋದರೆ ಅವನು ಯಾವಾಗಲೂ ಯಾರನ್ನೋ ಕರೆದು ಹೇಳ್ತಾ ಇರ್ತಾನೆ. ಅವನಿಗೆ ಕೇಳೋ ಕಿವಿ ಬೇಕು. ಹೆಂಡದಂಗಡಿ ಅವನಿಗೆ ಅದನ್ನು ಒದಗಿಸ್ತಿತ್ತು. ತಮಿಳುನಾಡಿನಲ್ಲಿ ಸೇಂದಿ ಇಳಿಸೋದಕ್ಕೆ 1987ರಿಂದ ನಿಷೇಧ, ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧ. ರತ್ನ ಇವತ್ತು ಹೊಸೂರಿನಲ್ಲಿದ್ದಿದ್ದರೆ ಟಾಸ್ಮಾಕ್ ಕ್ಯೂನಲ್ಲಿ ನಿಂತಿರ್ತಿದ್ದ.

ಆ ಕ್ಯೂನಲ್ಲೇ ಒಂದು ವಿಚಿತ್ರ ಇದೆ, ಅದು ನನ್ನ ವಾದವನ್ನ ಸ್ವಲ್ಪ ಅಲ್ಲಾಡಿಸುತ್ತೆ, ಅದಕ್ಕೇ ಹೇಳಬೇಕು. ಕರ್ನಾಟಕದಲ್ಲಿ ಅಗ್ಗದ ಮದ್ಯ 90 ಮಿ.ಲೀ. ಪ್ಯಾಕೆಟ್ಟಿನಲ್ಲಿ ಸಿಗುತ್ತೆ, 'ನೈಂಟಿ'. ಟಾಸ್ಮಾಕಿನಲ್ಲಿ ಸಣ್ಣದು ಅಂದರೆ 180ರ ಬಾಟಲಿ, 'ಕ್ವಾರ್ಟರ್'. ಕ್ವಾರ್ಟರಿಗೆ ದುಡ್ಡು ಸಾಲದವನು ಏನು ಮಾಡಬೇಕು? ಅಂಗಡಿ ಮುಂದೆ ನಿಂತು, ತನ್ನಷ್ಟೇ ದುಡ್ಡಿರೋ ಇನ್ನೊಬ್ಬನಿಗಾಗಿ ಕಾಯಬೇಕು. ಇಬ್ಬರೂ ಹಾಕಿ ಒಂದು ಕೊಂಡು ಅರ್ಧರ್ಧ ಮಾಡ್ಕೋತಾರೆ. ಅದಕ್ಕೆ 'ಕಟಿಂಗ್' ಅಂತಾರೆ. ತಮಿಳಿನಲ್ಲಿ 2010ರಲ್ಲಿ 'ವ' ಅನ್ನೋ ಸಿನಿಮಾನೇ ಈ ಕ್ವಾರ್ಟರ್ ಕಟಿಂಗಿನ ಹುಡುಕಾಟದ ಮೇಲೆ ಬಂತು. 2023ರಲ್ಲಿ ತಮಿಳುನಾಡಿನ ಸಚಿವರು 90 ಮಿ.ಲೀ. ಪ್ಯಾಕೆಟ್ ತರೋ ಯೋಚನೆ ಹೇಳುವಾಗ, ಜನ ಹಂಚಿಕೊಳ್ಳಲು ಜೊತೆಗಾರನಿಗಾಗಿ ಕಾಯ್ತಾರೆ ಅನ್ನೋದನ್ನೇ ಕಾರಣವಾಗಿ ಕೊಟ್ಟರು.

ಹಾಗಾದರೆ ಈ ಕಡೆ ಗೋಷ್ಠಿಯೇ ಇಲ್ಲ ಅನ್ನೋಕಾಗಲ್ಲ. ಇದೆ, ಹತ್ತು ನಿಮಿಷದ್ದು, ಇಬ್ಬರು ಅಪರಿಚಿತರದ್ದು. ನಮ್ಮಪ್ಪನಿಗೆ ಒಬ್ಬ ಕಾಯಂ ಕಟಿಂಗ್ ಜೊತೆಗಾರ ಇದ್ದ. ನಾಲ್ಕು ವರ್ಷ. ಧರ್ಮಪುರಿ ಕಡೆಯವನು, ಗಾರೆ ಕೆಲಸ. ಹೆಸರೇನು ಅಂತ ಕೇಳಿದರೆ ಅಪ್ಪನಿಗೆ ಗೊತ್ತಿಲ್ಲ. "ಅಣ್ಣ ಅಂತಿದ್ದೆ, ಅವನೂ ಅಣ್ಣಾ ಅಂತಿದ್ದ" ಅಂದರು. ಒಬ್ಬರಿಗೊಬ್ಬರು ಮೋಸ ಮಾಡದ ಹಾಗೆ ಕಣ್ಣಳತೆಯಲ್ಲಿ ಬಾಟಲಿ ಅರ್ಧ ಮಾಡೋದು ಅವನಿಗೆ ಚೆನ್ನಾಗಿ ಬರ್ತಿತ್ತಂತೆ. ಅಪ್ಪ ಅದನ್ನ ಹೇಳಿದ ರೀತಿಯಲ್ಲಿ ಗೌರವ ಇತ್ತು.

ಇನ್ನು ಒಣ ದಿನಗಳು. ಪೊಂಗಲ್ ಮುಗಿದ ಕೂಡಲೇ ಬರೋ ತಿರುವಳ್ಳುವರ್ ದಿನ ಟಾಸ್ಮಾಕ್ ಬಂದ್. ಕುರಳಿನಲ್ಲಿ ಕಳ್ಳು ಕುಡಿಯಬಾರದು ಅನ್ನೋದಕ್ಕೇ ಒಂದು ಅಧ್ಯಾಯ ಇದೆ, ಹಾಗಾಗಿ ನ್ಯಾಯವೇ. ಆದರೆ ಕರ್ನಾಟಕಕ್ಕೆ ಆ ರಜೆ ಇಲ್ಲ. ಹಬ್ಬದ ಬೋನಸ್ಸು ಜೇಬಲ್ಲಿ, ಈ ಕಡೆ ಅಂಗಡಿ ಬಂದ್. ಆ ಸಂಜೆ ಅತ್ತಿಬೆಲೆ ದಾರಿ ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪ ಬಿದ್ದದ್ದು ಅಂಥದೇ ಒಂದು ಪೊಂಗಲಿನ ಮರುದಿನ. ಜೂಜುವಾಡಿ ದಾಟಿ ಈ ಕಡೆ ಬಂದ ಮೇಲೆ, ಸರ್ವಿಸ್ ರೋಡಿಗೆ ಇಳಿಯುವಲ್ಲಿ. ಬೇರೆ ಯಾರ ತಪ್ಪೂ ಅಲ್ಲ, ಅವರೇ ಬಿದ್ದರು. ಬಲಗಾಲಿಗೆ ರಾಡು, ಮೂರು ತಿಂಗಳು ಸಂಬಳ ಇಲ್ಲ. ನಾನು ಆಗ ಬಿ.ಎ. ಎರಡನೇ ವರ್ಷ; ಆ ಸೆಮಿಸ್ಟರಿನ ಫೀಸು ಅಮ್ಮನ ಓಲೆ. ಅಮ್ಮ ಬೈಯಲಿಲ್ಲ. ಒಂದು ಹಳೇ ಡೈರಿಯಲ್ಲಿ ಆಸ್ಪತ್ರೆ, ಮಾತ್ರೆ, ಆಟೋ ಎಲ್ಲ ಬರೆದು, ಮೇಲೆ 'ಅತ್ತಿಬೆಲೆ' ಅಂತ ತಲೆಬರಹ ಕೊಟ್ಟರು. ನಾನು ಕಂಡ ಹಾಗೆ, ಅಗ್ಗದ ಸಂಜೆಯ ಪೂರ್ತಿ ಬಿಲ್ಲು ಬರೆದಿಟ್ಟಿರೋದು ಅವರೊಬ್ಬರೇ. ಅದರಲ್ಲಿ ಬಾಟಲಿಯ ಬೆಲೆ ಇಲ್ಲವೇ ಇಲ್ಲ.

ಈ ವಿಷಯದಲ್ಲಿ ನನ್ನ ಕ್ಷೇತ್ರಕಾರ್ಯ ಅರ್ಧದಷ್ಟೇ ಅಂತ ಒಪ್ಪಿಕೊಳ್ಳಬೇಕು. ಟಾಸ್ಮಾಕ್ ಪಕ್ಕದ ಬಾರಿಗೆ ನಾನು ಕಾಲಿಟ್ಟಿಲ್ಲ, ಇಡೋಕೂ ಆಗಲ್ಲ. ಅತ್ತಿಬೆಲೆಯ ಬಾರಿಗೆ 'ಫ್ಯಾಮಿಲಿ ರೂಮ್' ಅನ್ನೋ ಬೋರ್ಡಿದ್ದರೂ ಅಮ್ಮನಾಗಲಿ ನಾನಾಗಲಿ ಹೋದದ್ದಿಲ್ಲ. ಹೆಂಗಸರು ಕೂತು ಮಾತಾಡಬಹುದಾದ ಪಬ್ಬು ಬೇಕು ಅಂದರೆ ಕೋರಮಂಗಲಕ್ಕೆ ಹೋಗಬೇಕು. ಅಲ್ಲಿ ಒಂದು ಲೋಟದ ಬಿಲ್ಲು ನನ್ನ ಹಾಸ್ಟೆಲಿನ ಎಷ್ಟೋ ದಿನದ ಊಟ. ಪಂಪನ ಗೋಷ್ಠಿಯಲ್ಲಿದ್ದ ಹೆಂಗಸರನ್ನು ಅಗ್ಗದ ಕುರ್ಚಿಯಿಂದ ಯಾವಾಗ ಎಬ್ಬಿಸಿದರು ಅನ್ನೋದು ನನ್ನ ಮುಂದಿನ ಓದು. ಹಾಗಾಗಿ ಒಳಗಿನ ವಿವರವೆಲ್ಲ ಅಪ್ಪ ಹೇಳಿದ್ದು. ಜಗಲಿ ಮೇಲೆ ಕಾಲು ಚಾಚಿ ಕೂತು, ರಾಡು ಇರೋ ಜಾಗ ನೀವಿಕೊಳ್ಳುತ್ತಾ ಹೇಳಿದ್ದು. ಅವರು ಈಗ ಗಡಿ ದಾಟಲ್ಲ. ವಾರಕ್ಕೊಮ್ಮೆ ಈ ಕಡೆಯದೇ ಕ್ವಾರ್ಟರ್, ಮನೆಯಲ್ಲೇ, ಒಬ್ಬರೇ. ಅರ್ಧ ಉಳಿಸ್ತಾರೆ. ಹಳೇ ಅಭ್ಯಾಸ.

ಮೊನ್ನೆ ಈ ಪ್ರಬಂಧವನ್ನು ಅವರಿಗೆ ಓದಿ ಹೇಳಿದೆ. ಸುಂಕ, ಲೈಸೆನ್ಸು ಎಲ್ಲ ಸುಮ್ಮನೆ ಕೇಳಿಸಿಕೊಂಡರು. ಪಂಪನ ಭಾಗ ಬಂದಾಗ ಮಾತ್ರ, "ಅಲ್ಲಿ ಎಷ್ಟೊತ್ತಿಗೆ ಬಾಗಿಲು ಹಾಕ್ತಿದ್ರಂತೆ?" ಅಂತ ಕೇಳಿದರು. ಚತುರ್ಥಾಶ್ವಾಸದಲ್ಲಿ ಆ ಮಾಹಿತಿ ಇಲ್ಲ ಅಂದೆ.

ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ. ಮೇಷ್ಟ್ರೇ, ನಿಮ್ಮ ಮೈಕ್ ಆಫ್ ಇದೆ.