ಇಳಿಜಾರಿನ ಮನೆಗೆ ತಗಲುವ ವೆಚ್ಚ

ಮನೆ ಕಟ್ಟುವುದು ಎಲ್ಲಿಯಾದರೂ ಕಷ್ಟವೇ. ಆದರೆ ನಮ್ಮ ಕೊಡಗಿನಂಥ ಗುಡ್ಡದ ನಾಡಿನಲ್ಲಿ ಅಸ್ತಿವಾರಕ್ಕೆ ಮುನ್ನವೇ ಹಣ ಕರಗತೊಡಗುತ್ತದೆ. ಗಾರೆ ಕೆಲಸದವರ ಮನೆಯಿಂದ ಕಾಲೇಜಿಗೆ ಬಂದ ಮೊದಲಿಗನಾದ ನಾನು, ತಂದೆಯವರಿಂದಲೂ ಪುಸ್ತಕಗಳಿಂದಲೂ ತಿಳಿದುದನ್ನು ವಾಚಕರ ಮುಂದಿಡುತ್ತೇನೆ.

ಐದು ಅಡಿಗೆ ಒಂದು ಅಡಿ ಇಳಿಯುವ ನಿವೇಶನವನ್ನು ಭಾವಿಸೋಣ. 40 ಅಡಿ ಉದ್ದ, 20 ಅಡಿ ಅಗಲದ ಮನೆಯ ಉದ್ದವನ್ನು ಇಳಿಜಾರಿನ ದಿಕ್ಕಿಗೇ ಇರಿಸಿದರೆ ಎರಡು ತುದಿಗಳಿಗೆ 8 ಅಡಿ ಏರುಪೇರು. ಇಳಿಜಾರಿಗೆ ಅಡ್ಡಲಾಗಿ ಇರಿಸಿದರೆ 4 ಅಡಿ ಮಾತ್ರ. ಮನೆ ಅದೇ, ಅಗೆಯುವ ಮಣ್ಣು ಅರ್ಧ. ಮಣ್ಣು ತಡೆಯುವ ಗೋಡೆಯ ಲೆಕ್ಕ ಇನ್ನೂ ಕಠಿಣ: ಎತ್ತರ ಇಮ್ಮಡಿಯಾದರೆ ಪ್ರತಿ ಅಡಿ ಉದ್ದದ ಮೇಲೆ ಬೀಳುವ ಒತ್ತಡ ನಾಲ್ಮಡಿ. ಆದುದರಿಂದ ಗೋಡೆ ಉದ್ದವಾದರೂ ಗಿಡ್ಡವಾಗಿರುವುದೇ ಲಾಭ.

ಮಳೆನೀರು ಹಿಂದೆ ನಿಂತರೆ ಒತ್ತಡ ಮತ್ತಷ್ಟು ಏರುತ್ತದೆ. ಗೋಡೆಯಲ್ಲಿ ನೀರುಗಂಡಿಗಳು, ಅದರ ಬೆನ್ನಿಗೆ ಜಲ್ಲಿ, ಮೇಲ್ಗಡೆ ಚರಂಡಿ ಇರಲೇಬೇಕು. ಕಣ್ಣಿಗೆ ಕಾಣದ ಈ ಖರ್ಚನ್ನೇ ಜನರು ಮೊದಲು ಕಡಿಯುತ್ತಾರೆ. ಜಗಲಿಯ ನುಣುಪು ಕಲ್ಲನ್ನು ಮಾತ್ರ ಬಿಡುವುದಿಲ್ಲ!

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮನೆಗಳೂ ತೋಟಗಳೂ ಮಣ್ಣುಪಾಲಾದುವು, ಜೀವಗಳೂ ಹೋದುವು. ಅಂಥ ಕುಸಿತವನ್ನು ಯಾವ ಗೋಡೆಯೂ ತಡೆಯಲಾರದು. ಅಂಥಲ್ಲಿ ಕಟ್ಟದಿರುವುದೇ ಜಾಣತನ. ಆದರೆ ಬಡವನ ಕೈಗೆಟಕುವುದು ಹೆಚ್ಚಾಗಿ ಕಡಿದಾದ ನೆಲವೇ. ಜಾಗದ ಬೆಲೆಯಲ್ಲಿ ಉಳಿಸಿದುದನ್ನು ಗುಡ್ಡವು ಬಡ್ಡಿ ಸಮೇತ ವಸೂಲು ಮಾಡುತ್ತದೆ. ನಮ್ಮ ಮನೆಯವರೂ ಈಗ ಅಂಥದೊಂದು ತುಂಡು ನೆಲವನ್ನು ಕೊಳ್ಳಬೇಕೆಂದಿದ್ದಾರೆ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ಜಡಿಮಳೆಯಲ್ಲಿ ಒಮ್ಮೆ ಹೋಗಿ, ನೀರು ಎಲ್ಲಿ ಹರಿಯುತ್ತದೆಂದು ನೋಡಿ, ಬೆಲೆಯನ್ನು ಆಮೇಲೆ ಕೇಳಿ.