ಫಾರ್ಮ್ಯಾಟ್ ಹೊಡೆಸುವ ಮುನ್ನ

ಹೊಸ ಲ್ಯಾಪ್‌ಟಾಪ್ ಬಿಚ್ಚಿದ ವಾರದಲ್ಲೇ ಆ್ಯಂಟಿವೈರಸ್ಸೊಂದು ದುಡ್ಡು ಕಟ್ಟಿರೆಂದು ದುಂಬಾಲು ಬೀಳುತ್ತದೆ. ಜೊತೆಗೆ ನಾವು ಕೇಳದ ಆಟಗಳು, ಟ್ರಯಲ್ ಸಾಫ್ಟ್‌ವೇರ್‌ಗಳು. ಬಳ್ಳಾರಿಯಲ್ಲಿ ಯಾರನ್ನು ಕೇಳಿದರೂ ಮದ್ದು ಒಂದೇ: "ಫಾರ್ಮ್ಯಾಟ್ ಹೊಡಸ್ರಿ ಸಾರ್, ಹೊಸದಾಗ್ತೈತಿ." ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್ಸ್ ಪಟ್ಟಿ ತೆರೆದು, ಬೇಡದ್ದನ್ನು ಒಂದೊಂದಾಗಿ ಅನ್‌ಇನ್‌ಸ್ಟಾಲ್ ಮಾಡಿ. ಆ್ಯಂಟಿವೈರಸ್ ಹೋದರೆ ಹೆದರಬೇಕಿಲ್ಲ. ವಿಂಡೋಸ್‌ನ ಡಿಫೆಂಡರ್ ತಾನೇ ಕಾವಲಿಗೆ ನಿಲ್ಲುತ್ತದೆ. ಆಡಿಯೊ, ಗ್ರಾಫಿಕ್ಸ್, ಟಚ್‌ಪ್ಯಾಡ್ ಎಂಬ ಹೆಸರಿನವುಗಳ ತಂಟೆಗೆ ಮಾತ್ರ ಹೋಗಬೇಡಿ, ಅವು ಡ್ರೈವರ್‌ಗಳು.

ಫಾರ್ಮ್ಯಾಟ್ ಮಾಡಿದರೆ ಏನೇನು ಹೋಗುತ್ತದೆ? ಸಿರುಗುಪ್ಪದ ರೈಸ್ ಮಿಲ್ಲಿನ ಲೆಕ್ಕ ಟ್ಯಾಲಿಯಲ್ಲಿದ್ದರೆ, ಅದರ ಡೇಟಾ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತದೆ. ಬ್ಯಾಕಪ್ ತೆಗೆದು, ಲೈಸೆನ್ಸ್ ಸರೆಂಡರ್ ಮಾಡದೆ ಕೈ ಹಾಕಬಾರದು. ಡಿಟಿಪಿ ಅಂಗಡಿಯವರಿಗೆ ಇನ್ನೊಂದು ಫಜೀತಿ: ನುಡಿ ಫಾಂಟ್ ಅಳಿಸಿಹೋದರೆ, ಹಳೆಯ ಕಡತ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಕಡತ ಕೆಟ್ಟಿರುವುದಿಲ್ಲ, ನುಡಿ ಮತ್ತೆ ಹಾಕಿದರೆ ಸರಿಹೋಗುತ್ತದೆ. ಇದು ಗೊತ್ತಿಲ್ಲದೆ ಕಡತವನ್ನೇ ಅಳಿಸಿಬಿಟ್ಟರೆ ಕಷ್ಟ.

ಅನ್‌ಇನ್‌ಸ್ಟಾಲ್ ಸಾಲದ ಸಂದರ್ಭಗಳೂ ಇವೆ. 2015ರಲ್ಲಿ ಲೆನೊವೊದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶ ಸಿಕ್ಕಿಬಿತ್ತು. ಅದನ್ನು ತೆಗೆದರೂ ಅದು ನೆಟ್ಟಿದ್ದ ಭದ್ರತಾ ಸರ್ಟಿಫಿಕೇಟ್ ಒಳಗೇ ಉಳಿಯುತ್ತಿತ್ತು. ಇಂಥದ್ದಕ್ಕೆ, ವೈರಸ್ ಹೊಕ್ಕಿದ್ದಕ್ಕೆ, ಸೆಕೆಂಡ್‌ಹ್ಯಾಂಡ್ ಕೊಂಡಿದ್ದಕ್ಕೆ ಹೊಸದಾಗಿ ವಿಂಡೋಸ್ ಹಾಕುವುದೇ ಸರಿ. ಹಳೆಯ ಹಾರ್ಡ್‌ಡಿಸ್ಕ್‌ನಿಂದ ನಿಧಾನವಾಗಿದ್ದರೆ ಫಾರ್ಮ್ಯಾಟ್ ಹಣ ದಂಡ, ಎಸ್‌ಎಸ್‌ಡಿ ಹಾಕಿಸಿ.

ವಿಂಡೋಸ್ ಹಾಕುವಾಗ ಒಂದು ಎಚ್ಚರ. ಕಂಪನಿ ಡಿಸ್ಕ್‌ನಲ್ಲಿ ಬಚ್ಚಿಟ್ಟ ರಿಕವರಿಯಿಂದ ಮರಳಿ ಹಾಕಿದರೆ, ಓಡಿಸಿದ ಕಸವೆಲ್ಲ ಮೆರವಣಿಗೆಯಲ್ಲಿ ವಾಪಸ್ ಬರುತ್ತದೆ. ಮೈಕ್ರೋಸಾಫ್ಟ್ ತಾಣದಿಂದಲೇ ಇಳಿಸಿ 8 ಜಿಬಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಡೌನ್‌ಲೋಡ್ 4 ಜಿಬಿ ದಾಟುತ್ತದೆ. ಕುರುಗೋಡಿನ ಮನೆಯಲ್ಲಿ ಮೊಬೈಲ್ ಪ್ಯಾಕ್ ನಂಬಿಕೊಂಡ ವಿದ್ಯಾರ್ಥಿ ಬಳ್ಳಾರಿಗೆ ಬಂದಾಗ ವೈಫೈ ಇರುವ ಗೆಳೆಯರ ಮನೆಯಲ್ಲಿ ಇಳಿಸಿಕೊಳ್ಳುವುದು ಲೇಸು. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ ಕೀ ಮೊದಲೇ ಬರೆದಿಟ್ಟುಕೊಳ್ಳಿ.

ವಿಂಡೋಸ್ ಸಮೇತ ಕೊಂಡ ಲ್ಯಾಪ್‌ಟಾಪ್‌ನ ವಿಂಡೋಸ್ ಲೈಸೆನ್ಸ್ ಕೀ ಸಾಮಾನ್ಯವಾಗಿ ಮದರ್‌ಬೋರ್ಡ್‌ನಲ್ಲೇ ಇರುತ್ತದೆ. ಅದೇ ಆವೃತ್ತಿ ಹಾಕಿದರೆ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಅಂಗಡಿಯವರು ಕ್ರ್ಯಾಕ್ ಮಾಡಿದ ಪ್ರತಿ ಹಾಕುತ್ತೇವೆಂದರೆ ಬೇಡವೆನ್ನಿ.